ಮೊದಲ ಮೂರು ಸೆಕೆಂಡ್ ಎಲ್ಲಿ ಹೋಯಿತು: ಮನೆಯ ಫೈಲ್ ಸರ್ವರ್, ಮಳೆಗಾಲದ ದಿನಚರಿ

ಜೂನ್ 8

ಬದಿಯಡ್ಕದ ಕಡೆ ಮಳೆ ಹಿಡಿದು ನಾಲ್ಕು ದಿನ ಆಯಿತು. ತೋಟದಲ್ಲಿ ಕೆಲಸವಿಲ್ಲ. ಹಾಗಾಗಿ ಸರ್ವರ್ ಕಡೆ ಮತ್ತೆ ಗಮನ ಕೊಟ್ಟೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಮನೆಯಲ್ಲಿ ಅಪ್ಪ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳಿವೆ. ಹೆಚ್ಚಿನವು 1980ರ ದಶಕದವು. ಅವನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಕ್ಯಾಸೆಟ್ ಪ್ಲೇಯರ್ ಮತ್ತು ಲ್ಯಾಪ್‌ಟಾಪ್ ಚಾವಡಿಯಲ್ಲಿ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮತ್ತು ಯುಎಸ್‌ಬಿ ಡಿಸ್ಕ್ ಒಳಗಿನ ಕೋಣೆಯಲ್ಲಿ. ಒಳಗಿನ ಡಿಸ್ಕ್‌ನ ಫೈಲನ್ನು ಲ್ಯಾಪ್‌ಟಾಪಿನಿಂದಲೇ ಬಳಸಲು ಎನ್‌ಎಫ್‌ಎಸ್ ಅನ್ನುವ ಪದ್ಧತಿ ಇದೆ. ಅದರ ಮೂರನೇ ಆವೃತ್ತಿಯ ಸರ್ವರನ್ನು ಪೈಥಾನ್‌ನಲ್ಲಿ ನಾನೇ ಬರೆಯುತ್ತಿದ್ದೇನೆ. ತಯಾರಾಗಿ ಸಿಗುವ ಸರ್ವರ್ ಇದೆ, ಗೊತ್ತು. ಆದರೆ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು ಅನ್ನುವ ಆಸೆ ಇತ್ತು.

ಓದು, ಬರೆ, ಫೋಲ್ಡರ್ ಪಟ್ಟಿ, ಹೊಸ ಫೈಲ್ ಎಲ್ಲ ಆಗಿದೆ. ಉಳಿದದ್ದು ಸೆಟ್‌ಆಟ್ರ್. ಫೈಲಿನ ಅನುಮತಿ (ಮೋಡ್), ಮಾಲೀಕ (ಯುಐಡಿ), ಗುಂಪು (ಜಿಐಡಿ), ಸೈಜ್, ಸಮಯ ಇವನ್ನೆಲ್ಲ ಬದಲಾಯಿಸಲು ಲ್ಯಾಪ್‌ಟಾಪ್ ಸರ್ವರಿಗೆ ಕಳಿಸುವ ಒಂದೇ ಕರೆ ಇದು. ಈ ಆವೃತ್ತಿಯ ನಿಯಮ ಬರೆದಿಟ್ಟ 1995ರ ಆರ್‌ಎಫ್‌ಸಿ 1813ರಲ್ಲಿ ಇದರ ನಂಬರ್ 2. ಅರ್ಧ ದಿನದ ಕೆಲಸ ಅಂತ ಅಂದುಕೊಂಡಿದ್ದೇನೆ.

ಜೂನ್ 9

ಮೊದಲು ನೆಟ್‌ವರ್ಕ್‌ನಲ್ಲಿ ಹೋಗುವ ಪ್ಯಾಕೆಟ್ ಹಿಡಿದು ನೋಡಿದೆ. ಹಳೆ ಫೈಲಿನ ಮೇಲೆ ಹೊಸದನ್ನು ಕಾಪಿ ಮಾಡಿದಾಗ ಲ್ಯಾಪ್‌ಟಾಪಿನ ಲಿನಕ್ಸ್ ಮೊದಲು ಸೈಜ್ ಸೊನ್ನೆ ಮಾಡಲು ಹೇಳುತ್ತದೆ. ಅದು 32 ಬೈಟ್‌ನ ಸಣ್ಣ ತುಂಡು. ಮೋಡ್, ಯುಐಡಿ, ಜಿಐಡಿ ಮೂರಕ್ಕೂ 00 00 00 00. ಅಂದರೆ ಇವನ್ನು ಮುಟ್ಟಬೇಡ. ಆಮೇಲೆ ಸೈಜ್‌ಗೆ 00 00 00 01, ಅಂದರೆ ಇದನ್ನು ಬದಲಾಯಿಸು. ಅದರ ಬೆನ್ನಿಗೇ ಎಂಟು ಬೈಟ್ ಹೊಸ ಸೈಜ್, ಎಲ್ಲ ಸೊನ್ನೆ. ನಂತರ ಎ-ಟೈಮ್‌ಗೆ (ಕೊನೆಯ ಸಲ ಓದಿದ ಸಮಯ) 0, ಎಂ-ಟೈಮ್‌ಗೆ (ಒಳಗಿನದ್ದು ಕೊನೆಯ ಸಲ ಬದಲಾದ ಸಮಯ) 1. ಸಮಯಕ್ಕೆ ಮಾತ್ರ ಮೂರು ಆಯ್ಕೆ: 0 ಅಂದರೆ ಬಿಟ್ಟುಬಿಡು, 1 ಅಂದರೆ ಸರ್ವರಿನ ಗಡಿಯಾರ ನೋಡಿ ಹಾಕು, 2 ಅಂದರೆ ನಾನು ಕಳಿಸಿದ ಸಮಯವನ್ನೇ ಹಾಕು.

ಎರಡನೇ ಆವೃತ್ತಿಯಲ್ಲಿ ಹೀಗಿರಲಿಲ್ಲ. ಬದಲಾಯಿಸಬಾರದ ಜಾಗದಲ್ಲಿ -1 ಬರೆದು ಕಳಿಸುತ್ತಿದ್ದರು. ಸೈಜ್‌ಗೂ 32 ಬಿಟ್ ಮಾತ್ರ. ಮೂರನೆಯದು ಎಷ್ಟೋ ಚೆನ್ನಾಗಿದೆ. ಬೇಕು, ಬೇಡ ಅನ್ನುವುದು ಬೇರೆ, ಬೆಲೆ ಬೇರೆ.

ಸಂಜೆಗೆ ಕೋಡ್ ಸಿದ್ಧವಾಯಿತು. ಆರು ವಿಷಯ, ಆರು ಇಫ್ (ಇದು ಕೇಳಿದ್ದರೆ ಬದಲಾಯಿಸು ಅನ್ನುವ ಸಾಲು).

ಜೂನ್ 11

ತಪ್ಪು ಸಿಕ್ಕಿತು. ಕ್ಯಾಸೆಟ್ ಮೇಲೆ ಬರೆದ ತಾರೀಕನ್ನೇ ನಾನು ಫೈಲಿನ ಎಂ-ಟೈಮ್ ಆಗಿ ಇಡುತ್ತೇನೆ. ಪಟ್ಟಿ ತೆಗೆದರೆ 1987, 1988 ಅಂತ ಸಾಲಾಗಿ ಬರುತ್ತದೆ. ಅದನ್ನು ನೋಡುವುದೇ ನನಗೆ ಒಂದು ಖುಷಿ. 90 ನಿಮಿಷದ ಕ್ಯಾಸೆಟ್‌ನ ಒಂದು ಬದಿ ಇಳಿಸಿದರೆ 45 ನಿಮಿಷ, ಸೆಕೆಂಡಿಗೆ 1,76,400 ಬೈಟ್ ಲೆಕ್ಕದಲ್ಲಿ ಸುಮಾರು 476 ಎಂಬಿ. ಕೊನೆಯಲ್ಲಿ ಒಂದೆರಡು ನಿಮಿಷ ಬರೀ ಸುಯ್ ಅನ್ನುವ ಟೇಪಿನ ಸದ್ದು ಇರುತ್ತದೆ. ಆ ಬಾಲ ಕತ್ತರಿಸಲು ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಂಡಿದ್ದೇನೆ. ಅದು ಹೊಸ ಸೈಜ್ ಮತ್ತು ಹಳೆ ತಾರೀಕು ಎರಡನ್ನೂ ಒಂದೇ ಸೆಟ್‌ಆಟ್ರ್‌ನಲ್ಲಿ ಕಳಿಸುತ್ತದೆ.

ಇವತ್ತು ಕತ್ತರಿಸಿದ ಎಲ್ಲ ಫೈಲ್‌ಗಳಿಗೂ ಇವತ್ತಿನ ತಾರೀಕು ಬಿದ್ದಿದೆ!

ಕಾರಣ ಸರಳ. ನಾನು ಸಮಯವನ್ನು ಮೊದಲು ಹಾಕಿ, ಸೈಜನ್ನು ಆಮೇಲೆ ಬದಲಾಯಿಸುತ್ತಿದ್ದೆ. ಸೈಜ್ ಬದಲಾದ ಕೂಡಲೇ ಫೈಲ್ ಸಿಸ್ಟಂ ತಾನಾಗಿ ಎಂ-ಟೈಮ್ ತಿದ್ದುತ್ತದೆ. ಅದು ಸರಿಯೇ, ಫೈಲಿನ ಒಳಗಿನದ್ದು ಬದಲಾಯಿತಲ್ವಾ. ಈಗ ಕ್ರಮ ಹೀಗಿದೆ: ಮೊದಲು ಸೈಜ್, ಆಮೇಲೆ ಮಾಲೀಕ ಮತ್ತು ಗುಂಪು, ಆಮೇಲೆ ಮೋಡ್, ಕೊನೆಗೆ ಸಮಯ. ಮಾಲೀಕನ ನಂತರವೇ ಮೋಡ್ ಯಾಕೆಂದರೆ, ಮಾಲೀಕನನ್ನು ಬದಲಾಯಿಸಿದಾಗ ಲಿನಕ್ಸ್ ಮೋಡ್‌ನಲ್ಲಿರುವ ಸೆಟ್‌ಯುಐಡಿ ಬಿಟ್ (ಪ್ರೋಗ್ರಾಂ ಮಾಲೀಕನ ಹಕ್ಕಿನಲ್ಲಿ ಓಡಲಿ ಅನ್ನುವ ಗುರುತು) ತೆಗೆದುಹಾಕುತ್ತದೆ. ಮೋಡ್ ಮೊದಲೇ ಹಾಕಿದ್ದರೆ ಹಾಕಿದ್ದು ಹೋಗುತ್ತದೆ.

ಜೂನ್ 12

ಸಣ್ಣಪುಟ್ಟದ್ದು. ಪೈಥಾನ್‌ನಲ್ಲಿ ಸಮಯವನ್ನು ದಶಾಂಶ ಸಂಖ್ಯೆಯಾಗಿ ತೆಗೆದುಕೊಂಡರೆ ನ್ಯಾನೋಸೆಕೆಂಡ್‌ನ ಕೊನೆಯ ಅಂಕಿಗಳು ಸರಿ ಬರುವುದಿಲ್ಲ, 53 ಬಿಟ್‌ನಲ್ಲಿ ಅಷ್ಟು ಹಿಡಿಸುವುದಿಲ್ಲ. ಪೂರ್ಣಾಂಕದ ನ್ಯಾನೋಸೆಕೆಂಡ್‌ಗೆ ಬದಲಾಯಿಸಿದೆ.

ಫೈಲನ್ನು ದೊಡ್ಡದು ಮಾಡು ಅಂತ ಕೇಳಿದರೂ ಸರ್ವರ್ ಮಾಡಲೇಬೇಕು. ಹೆಚ್ಚಿದ ಜಾಗ ಓದಿದರೆ ಸೊನ್ನೆಗಳೇ ಸಿಗಬೇಕು. ನಿಜವಾಗಿ ಸೊನ್ನೆ ಬರೆಯುವುದೋ, ಸುಮ್ನೆ ತೂತು (ಡಿಸ್ಕ್‌ನಲ್ಲಿ ಜಾಗ ಹಿಡಿಯದ ಖಾಲಿ ಭಾಗ) ಬಿಡುವುದೋ ಸರ್ವರಿಗೆ ಬಿಟ್ಟದ್ದು. ಡಿಸ್ಕ್ ಮೊದಲು ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಂನಲ್ಲಿತ್ತು. ಅದರಲ್ಲಿ ತೂತಿನ ಫೈಲ್ ಇಲ್ಲ, ಮಾಲೀಕ, ಮೋಡ್ ಕೂಡ ಇಲ್ಲ. ಇಎಕ್ಸ್‌ಟಿ4ಗೆ ಬದಲಾಯಿಸಿದೆ. ಈಗ 1 ಜಿಬಿ ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ತಯಾರು, ಡಿಸ್ಕ್‌ನಲ್ಲಿ ಅದು ಹಿಡಿದ ಜಾಗ ಸೊನ್ನೆ.

ಇನ್ನೊಂದು. ಒಬ್ಬರು ಫೈಲ್ ತೆರೆದಿಟ್ಟುಕೊಂಡೇ ಅದನ್ನು 0444, ಅಂದರೆ ಓದಲು ಮಾತ್ರ, ಮಾಡಬಹುದು, ಆಮೇಲೂ ಬರೆಯುತ್ತಾ ಹೋಗಬಹುದು. ಸ್ವಂತ ಡಿಸ್ಕ್‌ನಲ್ಲಿ ಅದು ನಡೆಯುತ್ತದೆ. ಆದರೆ ಈ ಸರ್ವರಿಗೆ ಫೈಲ್ ತೆರೆದದ್ದು, ಮುಚ್ಚಿದ್ದು ಯಾವುದೂ ಗೊತ್ತಿಲ್ಲ. ಪ್ರತಿ ಸಲವೂ ಅನುಮತಿ ನೋಡಿದರೆ ನಡುವೆಯೇ ತಡೆದುಬಿಡುತ್ತದೆ. ಹಾಗಾಗಿ ಮಾಲೀಕನೇ ಬರೆಯಲು ಅಥವಾ ಸೈಜ್ ಬದಲಾಯಿಸಲು ಬಂದರೆ ಬಿಡಬೇಕು.

ಜೂನ್ 19

ಒಂದು ವಾರ ಇದರಲ್ಲೇ ಹೋಯಿತು.

ಒಂದು ಪ್ರಸಂಗದ ಬಿ ಬದಿಯನ್ನು ಹೆಡ್ ಒರೆಸಿ ಮತ್ತೊಮ್ಮೆ ಇಳಿಸಿದ್ದೆ. ಬಾಲ ಕತ್ತರಿಸಿದ ಮೇಲೆ 44,62,92,044 ಬೈಟ್, ಅಂದರೆ 42 ನಿಮಿಷ 10 ಸೆಕೆಂಡ್ ಮತ್ತು 44 ಬೈಟ್‌ನ ತಲೆಬರಹ. ಸರ್ವರಿನಲ್ಲಿದ್ದ ಹಳೆಯದರ ಮೇಲೆ ಕಾಪಿ ಮಾಡಿದೆ. ಸೈಜ್ ಸರಿ. ತಾರೀಕು ಸರಿ. ಆದರೆ ಪ್ಲೇಯರ್ ಫೈಲನ್ನೇ ತೆರೆಯಲಿಲ್ಲ. ಮೂಲ ಮತ್ತು ಕಾಪಿ ಎರಡರ ಶಾ-256 (ಫೈಲಿನ ಒಳಗಿನದ್ದರಿಂದ ಬರುವ, ಬೆರಳ ಗುರುತಿನಂಥ ಸಂಖ್ಯೆ) ಲೆಕ್ಕ ಹಾಕಿದರೆ ಬೇರೆ ಬೇರೆ.

ಫೈಲಿನ ತಲೆಯ ಕಡೆ ನೋಡಿದೆ. ಆಡಿಯೋ ಫೈಲಿನ ಗುರುತಾದ 52 49 46 46 ಅಂತ ಶುರುವಾಗಬೇಕಿತ್ತು. ಇದ್ದದ್ದು 00 00 00 00. ಹೀಗೇ 5,24,288 ಬೈಟ್ ಸೊನ್ನೆ. ಅಲ್ಲಿಂದ ಮುಂದೆ ಎಲ್ಲ ಸರಿ. ನನ್ನ ಸರ್ವರ್ ಒಂದು ಸಲಕ್ಕೆ 64 ಕೆಬಿ ಬರೆಯಲು ಬಿಡುತ್ತದೆ. ಹಾಗಾದರೆ ಸರಿಯಾಗಿ ಎಂಟು ಬರಹ ಕಾಣೆಯಾಗಿದೆ. ಕೇಳುವ ಲೆಕ್ಕದಲ್ಲಿ ಸುಮಾರು ಮೂರು ಸೆಕೆಂಡ್. ಭಾಗವತರು ಪದ ಎತ್ತುವ ಮೊದಲು ಬರುವ ಶ್ರುತಿಪೆಟ್ಟಿಗೆಯ ಸದ್ದು ಅದು.

ಲ್ಯಾಪ್‌ಟಾಪಿನಲ್ಲಿ ಮೂಲ ಇತ್ತು, ಹಾಗಾಗಿ ನಷ್ಟವಿಲ್ಲ. ಆದರೂ ಹೊಟ್ಟೆಯೊಳಗೆ ತಣ್ಣಗಾಯಿತು. ಸೈಜ್ ನೋಡಿ ನಂಬಿ ಮೂಲ ಅಳಿಸಿದ್ದರೆ?

ಲಾಗ್ ಬಿಡಿಸುತ್ತಾ ಕೂತೆ. ಒಂದೇ ಎಕ್ಸ್‌ಐಡಿ ಇರುವ ಸೆಟ್‌ಆಟ್ರ್ ಎರಡು ಸಲ ಬಂದಿದೆ, ಎರಡು ಬೇರೆ ಥ್ರೆಡ್‌ನಲ್ಲಿ (ಸರ್ವರಿನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳು) ಓಡಿದೆ. ಎಕ್ಸ್‌ಐಡಿ ಅಂದರೆ ಪ್ರತಿ ಕರೆಗೂ ಕ್ಲೈಂಟ್, ಅಂದರೆ ಇಲ್ಲಿ ಲ್ಯಾಪ್‌ಟಾಪ್, ಕೊಡುವ ನಂಬರ್. ಮತ್ತೆ ಕಳಿಸುವಾಗ ಅದೇ ನಂಬರ್ ಇರುತ್ತದೆ.

ನಡೆದದ್ದು ಹೀಗೆ. ಡಿಸ್ಕ್ ಮಲಗಿತ್ತು. ಎದ್ದು ತಿರುಗಲು ಅದಕ್ಕೆ ಏಳು ಸೆಕೆಂಡ್ ಬೇಕು. ಸೈಜ್ ಸೊನ್ನೆ ಮಾಡು ಅನ್ನುವ ಕರೆ ಬಂದು ಡಿಸ್ಕ್‌ಗಾಗಿ ಕಾದು ನಿಂತಿತು. ನಾನು ಬೇರೆಲ್ಲೋ ಒಂದು ಸಾಲು ಬರೆದಿಟ್ಟಿದ್ದೆ: ಐದು ಸೆಕೆಂಡ್ ಏನೂ ಬರದಿದ್ದರೆ ಕನೆಕ್ಷನ್ ಮುಚ್ಚು. ಒಳಗೆ ಕೆಲಸ ನಡೆಯುತ್ತಿದೆಯೇ ಅಂತ ಅದು ನೋಡುತ್ತಿರಲಿಲ್ಲ. ಕನೆಕ್ಷನ್ ಹೋಯಿತು. ಲಿನಕ್ಸ್ ಮತ್ತೆ ಕನೆಕ್ಟ್ ಆಗಿ ಅದೇ ಕರೆಯನ್ನು ಮತ್ತೆ ಕಳಿಸಿತು. ಡಿಸ್ಕ್ ಎದ್ದಾಗ ಎರಡನೇ ಥ್ರೆಡ್ ಮುಂದೆ ಓಡಿತು, ಸೈಜ್ ಸೊನ್ನೆ ಮಾಡಿ ಆಯಿತು ಅಂತ ಉತ್ತರ ಕೊಟ್ಟಿತು. ಕ್ಲೈಂಟ್ ಬರೆಯಲು ಶುರು ಮಾಡಿತು. ಎಂಟು ತುಂಡು ಬರೆದ ಮೇಲೆ ಮೊದಲನೇ ಥ್ರೆಡ್‌ಗೆ ಸರದಿ ಬಂತು. ಅದು ತನ್ನ ಕೆಲಸ ಮಾಡಿತು. ಸೈಜ್ ಮತ್ತೆ ಸೊನ್ನೆ. ಒಂಬತ್ತನೇ ತುಂಡು ತನ್ನ ಜಾಗದಲ್ಲೇ ಹೋಗಿ ಕೂತಿತು, ಹಿಂದೆ ತೂತು ಉಳಿಯಿತು.

ಮೋಡನ್ನು ಎರಡು ಸಲ 0644 ಮಾಡಿದರೆ ಏನೂ ಆಗುವುದಿಲ್ಲ. ಸೈಜ್ ಹಾಗಲ್ಲ. ಉಳಿದ ಐದು ಫೈಲಿನ ಹೊರಗಿನ ಚೀಟಿ ಇದ್ದ ಹಾಗೆ, ಸೈಜ್ ಫೈಲಿನ ಮೈ. ಒಂದೇ ಕರೆಯಲ್ಲಿ ಎಲ್ಲ ಒಟ್ಟಿಗೆ ಬರುತ್ತದೆ ಅಂತ ಆರು ಇಫ್ ಸಾಲಾಗಿ ಬರೆದದ್ದೇ ನನ್ನ ದೊಡ್ಡ ತಪ್ಪು.

ಜೂನ್ 23

ದುರಸ್ತಿ. ಕೆಲಸ ಬಾಕಿ ಇರುವಾಗ ಕನೆಕ್ಷನ್ ಮುಚ್ಚುವುದಿಲ್ಲ. ಬಂದ ಪ್ರತಿ ಕರೆಯನ್ನೂ ಎಕ್ಸ್‌ಐಡಿ, ಕ್ಲೈಂಟ್ ವಿಳಾಸ, ಮೊದಲ 256 ಬೈಟ್‌ನ ಚೆಕ್‌ಸಮ್ ಸೇರಿಸಿ ನೆನಪಿಟ್ಟುಕೊಳ್ಳುತ್ತೇನೆ. ಅದೇ ಮತ್ತೆ ಬಂದರೆ ಹೊಸ ಕೆಲಸವಿಲ್ಲ, ಹಳೆ ಉತ್ತರವನ್ನೇ ಕೊಡುವುದು. ಮೊದಲನೆಯದು ಇನ್ನೂ ಓಡುತ್ತಿದ್ದರೆ ಅದು ಮುಗಿಯುವವರೆಗೆ ಕಾಯುವುದು. ಸೈಜ್ ಬದಲಾವಣೆ ಈಗ ಬರಹದ ಸರದಿಯಲ್ಲೇ ನಿಲ್ಲುತ್ತದೆ, ಬಂದ ಕ್ರಮದಲ್ಲೇ ನಡೆಯುತ್ತದೆ.

ಬಾಲ ಕತ್ತರಿಸುವ ಪ್ರೋಗ್ರಾಂನಲ್ಲಿ ಗಾರ್ಡ್ ಕೂಡ ಹಾಕಿದೆ. ಸೆಟ್‌ಆಟ್ರ್ ಜೊತೆ ಫೈಲಿನ ಸಿ-ಟೈಮ್ (ಒಳಗಿನದ್ದಾಗಲಿ ವಿವರವಾಗಲಿ ಕೊನೆಯ ಸಲ ಬದಲಾದ ಸಮಯ) ಕಳಿಸುವುದು. ಸರ್ವರಿನಲ್ಲಿ ಅದು ಬೇರೆ ಇದ್ದರೆ 10002 ಅನ್ನುವ ತಪ್ಪು ಹೇಳಿ ಏನೂ ಮುಟ್ಟದೆ ಬಿಡಬೇಕು. ಒಮ್ಮೆ ಕತ್ತರಿಸಿದ ಮೇಲೆ ಸಿ-ಟೈಮ್ ಬದಲಾಗಿರುತ್ತದೆ, ತಡವಾಗಿ ಬಂದ ಅದೇ ಕರೆ ಎರಡನೇ ಸಲ ಕತ್ತರಿಸಲು ಆಗುವುದಿಲ್ಲ.

ಉತ್ತರದಲ್ಲಿ ಬದಲಾವಣೆಗೆ ಮುಂಚಿನ ಸೈಜ್, ಎಂ-ಟೈಮ್, ಸಿ-ಟೈಮ್ ಮತ್ತು ನಂತರದ ಪೂರ್ತಿ ವಿವರ ಕೊಡಬೇಕು. ಮುಂಚಿನದು ತನ್ನ ನೆನಪಿಗೆ ಹೊಂದಿದರೆ ಬೇರೆ ಯಾರೂ ಮುಟ್ಟಿಲ್ಲ ಅಂತ ಕ್ಲೈಂಟ್ ತಿಳಿದು, ತನ್ನ ಕ್ಯಾಶ್ (ತನ್ನ ಬಳಿ ಇಟ್ಟುಕೊಂಡ ಪ್ರತಿ) ಉಳಿಸಿಕೊಳ್ಳುತ್ತದೆ. ನಾನು ಮುಂಚಿನದನ್ನು ಲಾಕ್ ಹಿಡಿಯುವ (ಬೇರೆ ಬರಹ ನುಗ್ಗದ ಹಾಗೆ ಫೈಲಿಗೆ ಬೀಗ ಹಾಕುವ) ಮೊದಲೇ ಓದುತ್ತಿದ್ದೆ. ನಡುವೆ ಇನ್ನೊಂದು ಬರಹ ನುಗ್ಗಿದರೆ ಅದು ಸುಳ್ಳು ಮಾಹಿತಿ. ಈಗ ಲಾಕ್ ಒಳಗೇ ಓದುತ್ತೇನೆ. ಅದು ಸಾಧ್ಯವಿಲ್ಲದ ಕಡೆ ಮುಂಚಿನದು ಇಲ್ಲ ಅಂತಲೇ ಕಳಿಸುತ್ತೇನೆ, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ನಡುವೆ ಏನಾದರೂ ಕೈಕೊಟ್ಟು ಅರ್ಧ ಬದಲಾವಣೆ ಮಾತ್ರ ಆಗಿದ್ದರೂ ನಂತರದ ವಿವರ ಕಳಿಸುತ್ತೇನೆ. ಏನಾಗಿದೆ ಅಂತ ಕ್ಲೈಂಟ್‌ಗೆ ಗೊತ್ತಾಗಬೇಕಲ್ಲ.

ಜೂನ್ 25

ಬೇಕೆಂದೇ ಡಿಸ್ಕ್ ಮಲಗಿಸಿ, ಕಾಪಿ ಶುರು ಮಾಡಿ, ಕನೆಕ್ಷನ್ ಕಡಿದು ನೋಡಿದೆ. ಇಪ್ಪತ್ತು ಸಲ. ಇಪ್ಪತ್ತು ಸಲವೂ ಶಾ-256 ಹೊಂದಿತು. ಲಾಗ್‌ನಲ್ಲಿ ಎರಡನೇ ಸೆಟ್‌ಆಟ್ರ್ ಬಂದದ್ದು ಕಾಣುತ್ತದೆ, ಹಳೆ ಉತ್ತರ ಪಡೆದು ಹೋದದ್ದೂ ಕಾಣುತ್ತದೆ.

ರಾತ್ರಿ ಅಪ್ಪನ ಕೋಣೆಯಲ್ಲಿ ಆ ಬಿ ಬದಿಯನ್ನು ಸರ್ವರಿನಿಂದಲೇ ಹಾಕಿದೆ. ಹೊರಗೆ ಮಳೆ ಜೋರಾಗಿತ್ತು, ಸ್ವಲ್ಪ ಸೌಂಡ್ ಜಾಸ್ತಿ ಮಾಡಬೇಕಾಯಿತು. ಶ್ರುತಿ ಕೇಳಿಸಿತು. ಒಬ್ಬರು ಕೆಮ್ಮಿದರು. ಆಮೇಲೆ ಮದ್ದಳೆ. ಇನ್ನು 31 ಕ್ಯಾಸೆಟ್ ಬಾಕಿ ಇವೆ. ನಾಳೆಯಿಂದ ರಿನೇಮ್ ಕೆಲಸ.