ಅದು ಜಪಾನಿ ಹೋಟೆಲಾ, ಚೀನಿ ಹೋಟೆಲಾ?

ನಾನು ಮಧ್ಯಾಹ್ನದ ಊಟಕ್ಕೆ ಆಗಾಗ ಹೋಗುವ ಹೋಟೆಲಿನ ಬೋರ್ಡಿನಲ್ಲಿ ಜಪಾನಿ, ಚೀನಿ ಎರಡೂ ಇವೆ. ಹಾಗಂತ ಹೇಳಿದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ. ‘ಎರಡೂ ಒಂದೇ ಕಡೆ ಮಾಡ್ತಾರೆ ಅಂದ್ರೆ ಯಾವುದೂ ಅಸಲಿ ಇರಲ್ಲ, ಅಲ್ವಾ?’ ಇದು ಪ್ರಶ್ನೆ ಕೇಳುವ ರೀತಿಯಾ? ತೀರ್ಪು ಮೊದಲೇ ಕೊಟ್ಟಾಗಿದೆ, ನಾನು ಹೂಂ ಅನ್ನಬೇಕು ಅಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನಾನು ಹೂಂ ಅನ್ನುವುದಿಲ್ಲ. ಈ ಎರಡು ಅಡುಗೆಗಳನ್ನು ಗೋಡೆ ಕಟ್ಟಿ ಬೇರೆ ಮಾಡಲು ಆಗುವುದಿಲ್ಲ.

ರಾಮೆನ್ ಎಂಬ ನೂಡಲ್ಸು ಸಾರನ್ನೇ ತಗೊಳ್ಳಿ. ಜಪಾನ್ ಅಂದರೆ ಈಗ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದೇ ಅದು. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರಾಯ್‌ರಾಯ್‌ಕೆನ್ ಎಂಬ ಅಂಗಡಿ ಶುರುವಾಯಿತು. ಮಾಲೀಕರು ಜಪಾನಿನವರು. ಒಲೆಯ ಮುಂದೆ ನಿಂತವರು ಯೊಕೊಹಾಮಾದ ಚೀನಿ ಕೇರಿಯಿಂದ ಬಂದ ಅಡುಗೆಯವರು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಚೀನಿ ಊಟ ಮಾಡಲು. ಅದೇ ನೂಡಲ್ಸು ಸಾರು ಆಮೇಲೆ ಜಪಾನಿನ ಹೆಮ್ಮೆಯಾಯಿತು. ಅದಕ್ಕೂ ಮುಂಚೆ, 1899ರಲ್ಲಿ, ಚೀನಾದ ಫುಜಿಯಾನ್ ಕಡೆಯ ಚೆನ್ ಪಿಂಗ್‌ಶುನ್ ನಾಗಾಸಾಕಿಯಲ್ಲಿ ಹೋಟೆಲ್ ತೆರೆದಿದ್ದರು. ಚಾಂಪೊನ್ ಹುಟ್ಟಿದ್ದು ಅಲ್ಲಿ. ಊರಲ್ಲಿದ್ದ ಚೀನಿ ವಿದ್ಯಾರ್ಥಿಗಳಿಗೆ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಬೇಕಿತ್ತು. ತರಕಾರಿ, ಮಾಂಸ, ಸಮುದ್ರದ್ದು ಎಲ್ಲ ಹುರಿದು, ಸಾರು ಸುರಿದು, ಅದರಲ್ಲೇ ನೂಡಲ್ಸ್ ಬೇಯಿಸಿ ಕೊಟ್ಟರು. ಈಗ ಹೇಳಿ, ಚಾಂಪೊನ್ ಯಾರದು?

ತೋಫು ಅಂದರೆ ಸೋಯಾ ಹಾಲಿನ ಪನೀರು. ಅದನ್ನು ಖಾರದ ಗ್ರೇವಿಯಲ್ಲಿ ಬೇಯಿಸುವ ಮಾಪೊ ತೋಫುವಿನ ಕಥೆಯೂ ಅಂಥದೇ. ಚೀನಾದ ಸಿಚುವಾನ್‌ನ ಅಡುಗೆಯವರು ಚೆನ್ ಕೆನ್‌ಮಿನ್ 1952ರಲ್ಲಿ ಜಪಾನಿಗೆ ಬಂದರು. 1958ರಲ್ಲಿ ಟೋಕಿಯೊದಲ್ಲಿ ಸ್ವಂತ ಹೋಟೆಲ್ ಇಟ್ಟರು. ಅಲ್ಲಿನವರ ನಾಲಿಗೆಗೆ ಒಗ್ಗುವಂತೆ ಖಾರ ತಗ್ಗಿಸಿದರು. ಅವರಿಂದಲೇ ಅದು ಜಪಾನಿನ ಮನೆಮನೆಯ ಅಡುಗೆಯಾಯಿತು. ಜಪಾನಿನ ಊರೂರಲ್ಲಿ ಇಂಥ ಸಣ್ಣ ಚೀನಿ ಹೋಟೆಲುಗಳಿವೆ. ರಾಮೆನ್, ಗ್ಯೋಜಾ ಎಂಬ ಹೂರಣ ತುಂಬಿದ ಸಣ್ಣ ಕಡುಬು, ಫ್ರೈಡ್ ರೈಸ್ ಒಟ್ಟಿಗೇ ಸಿಗುತ್ತವೆ. ಅಲ್ಲಿನ ಜನ ಕೂತು ಉಂಡು ಏಳುತ್ತಾರೆ. ಅಲ್ಲೇ ಇಲ್ಲದ ತಕರಾರು ನಿಮಗ್ಯಾಕೆ?

ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಒಮ್ಮೆ ಆಫೀಸಿನ ಗೆಳೆಯರೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗ್ಯೋಜಾ ಬಂತು. ತಂದಿಟ್ಟ ಹುಡುಗಿಯನ್ನು ಅವರು ಅಲ್ಲೇ ನಿಲ್ಲಿಸಿಕೊಂಡರು. ‘ಅಡುಗೆ ಮಾಡೋರು ಯಾವ ದೇಶದವರಮ್ಮ? ನಿಜ ಹೇಳು.’ ಅವಳ ಕೈಯಲ್ಲಿ ಇನ್ನೊಂದು ಟೇಬಲಿನ ಸೂಪು ಇತ್ತು. ಮಧ್ಯಾಹ್ನದ ಗದ್ದಲ ಬೇರೆ. ಅವಳು ಏನು ಹೇಳಬೇಕು? ಆಮೇಲೆ ನನ್ನ ಕಡೆ ತಿರುಗಿ ಅಸಲಿ ನಕಲಿ ಅಂತ ಭಾಷಣ ಶುರು ಮಾಡಿದರು. ತಟ್ಟೆ ಅಲ್ಲೇ ಆರುತ್ತಿತ್ತು.

ಗ್ಯೋಜಾ ಹೇಗೆ ಮಾಡುತ್ತಾರೆ ಗೊತ್ತಾ? ಕಾದ ಬಾಣಲೆಗೆ ಎಣ್ಣೆ ಹಾಕಿ ಸಾಲಾಗಿ ಜೋಡಿಸುತ್ತಾರೆ. ತಳ ಹಿಡಿಯುತ್ತಿದ್ದಂತೆ ನೀರು ಹಾಕಿ ಮುಚ್ಚಳ ಮುಚ್ಚುತ್ತಾರೆ. ಮೇಲ್ಭಾಗ ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ. ನೀರು ಇಂಗಿದ ಮೇಲೆ ಮುಚ್ಚಳ ತೆಗೆದು ತಳವನ್ನು ಮತ್ತೆ ಗರಿಗರಿ ಮಾಡುತ್ತಾರೆ. ಆ ಕೆಂಪು ತಳ ಮೇಲೆ ಬರುವಂತೆ ಮಗುಚಿ ಕೊಡುತ್ತಾರೆ. ಯಾಕೆಂದರೆ ಹಬೆ ತಾಗಿದರೆ ಗರಿ ಹೋಗುತ್ತದೆ. ಚೀನಾದ ಉತ್ತರದಲ್ಲಿ ಇದನ್ನು ಹೆಚ್ಚಾಗಿ ನೀರಲ್ಲಿ ಬೇಯಿಸಿ, ಅದನ್ನೇ ಊಟವಾಗಿ ತಿನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದು ಚೀನಾದ ಈಶಾನ್ಯದ ಮಂಚೂರಿಯಾದಿಂದ ವಾಪಸಾದ ಜಪಾನಿಯರು ಆ ರುಚಿಯನ್ನು ತಮ್ಮ ಜೊತೆ ತಂದರು. ಜಪಾನಿನಲ್ಲಿ ಅದು ಬಾಣಲೆ ಸೇರಿತು, ಅನ್ನದ ಜೊತೆ ನೆಂಚಿಕೊಳ್ಳುವ ಪದಾರ್ಥವಾಯಿತು. ಇಷ್ಟೆಲ್ಲ ದಾರಿ ಸವೆಸಿ ಬಂದ ತಿಂಡಿ ಅದು. ಮಾತಿನ ಭರದಲ್ಲಿ ಅದನ್ನು ಮೆತ್ತಗಾಗಲು ಬಿಡುವುದು ಅಡುಗೆಯವರಿಗೆ ಮಾಡುವ ಅವಮಾನ. ಹಾಗಂತ ಅವತ್ತು ಆ ಗೆಳೆಯರಿಗೆ ಮುಖಕ್ಕೇ ಹೇಳಿದೆ. ಈಗಲೂ ಹೇಳುತ್ತೇನೆ.

ನನ್ನನ್ನು ಕೇಳಬೇಕಾದ್ದು ಬೇರೆ. ‘ಮಧ್ಯಾಹ್ನ ಅಲ್ಲಿಗೆ ಹೋದರೆ ಏನು ತಗೊಳ್ಳಲಿ, ಹೇಗೆ ತಿನ್ನಲಿ?’ ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಎಷ್ಟು ಖುಷಿಯಿಂದ ಹೇಳುತ್ತಿದ್ದೆ!

ಒಬ್ಬರೇ ಹೋದರೆ ಲಂಚ್ ಸೆಟ್ ತಗೊಳ್ಳಿ. ಅನ್ನ, ಮಿಸೊ ಎಂಬ ಹುದುಗಿಸಿದ ಸೋಯಾ ಪೇಸ್ಟಿನ ಸೂಪು, ಉಪ್ಪಿನಲ್ಲಿಟ್ಟ ತರಕಾರಿ, ಜೊತೆಗೆ ಒಂದು ಮುಖ್ಯ ಪದಾರ್ಥ. ಹಗುರ ಊಟ, ಮತ್ತೆ ಕೆಲಸಕ್ಕೆ ಕೂತರೆ ನಿದ್ದೆ ಎಳೆಯಲ್ಲ. ಸುಶಿ ತಗೊಂಡರೆ ಅನ್ನ ಮುಟ್ಟಿ ನೋಡಿ. ಮೈ ಬಿಸಿಯಷ್ಟು ಬೆಚ್ಚಗಿರಬೇಕು. ತಣ್ಣಗೆ ಗಟ್ಟಿಯಾಗಿದ್ದರೆ ಫ್ರಿಜ್‌ನಲ್ಲಿಟ್ಟದ್ದು ಅಂತ ಅನುಮಾನಪಡಿ. ನಿಮ್ಮ ಅಸಲಿ ಪರೀಕ್ಷೆ ಇಲ್ಲಿ ಮಾಡಿ, ಅಡುಗೆಯವರ ಪಾಸ್‌ಪೋರ್ಟಿನ ಮೇಲೆ ಬೇಡ. ಪಕ್ಕದ ಹಸಿರು ಉಂಡೆ ನಿಜವಾದ ವಸಾಬಿ, ಅಂದರೆ ಜಪಾನಿನ ಆ ಖಾರದ ಗಿಡದ ಪೇಸ್ಟು, ಅಲ್ಲದಿರಬಹುದು. ಹೆಚ್ಚಿನ ಕಡೆ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರಿಗೆ ಸಾಸಿವೆ, ಬಣ್ಣ ಸೇರಿಸಿದ್ದೇ ಇರುತ್ತದೆ. ದೊಡ್ಡ ದೊಡ್ಡ ಹೋಟೆಲಲ್ಲೂ ಅಷ್ಟೇ. ಚಿಟಿಕೆಯಷ್ಟು ಸಾಕು.

ರಾಮೆನ್ ಬಂದರೆ ಕಾಯಬೇಡಿ. ಹಿಟ್ಟಿಗೆ ಕ್ಷಾರದ ನೀರು ಹಾಕಿ ಕಲೆಸುವುದರಿಂದ ಎಳೆಗೆ ಆ ಹಳದಿ ಬಣ್ಣ, ಜಗಿದರೆ ಪುಟಿಯುವ ಗುಣ ಬರುತ್ತದೆ. ಬಿಸಿ ಸಾರಿನಲ್ಲಿ ಬಿಟ್ಟರೆ ಊದಿಕೊಂಡು ಎಲ್ಲ ಹೋಯಿತು. ಸೊರ್ ಅಂತ ಶಬ್ದ ಮಾಡಿ ಎಳೆದುಕೊಂಡರೂ ಪರವಾಗಿಲ್ಲ, ನಾಚಿಕೆ ಬೇಡ.

ಮಾಂಸ, ಮೀನು ತಿನ್ನದವರು ‘ಇದರಲ್ಲಿ ಮಾಂಸ ಇದೆಯಾ’ ಅಂತ ಕೇಳಿ ಸುಮ್ಮನಾಗಬೇಡಿ. ಮಾಪೊ ತೋಫುವಿನಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಮಿಸೊ ಸೂಪಿನಲ್ಲಿ ಮಾಂಸ ಕಾಣುವುದಿಲ್ಲ, ಆದರೆ ಅದರ ದಾಶಿ ಸಾರನ್ನು ಕೊಂಬು ಎಂಬ ಸಮುದ್ರದ ಪಾಚಿ ಮತ್ತು ಒಣಗಿಸಿ ಹೆರೆದ ಮೀನಿನಿಂದ ತೆಗೆದಿರುತ್ತಾರೆ. ಪಾಚಿ, ಒಣ ಶಿಟಾಕೆ ಅಣಬೆ ಇಷ್ಟರಲ್ಲೇ ದಾಶಿ ಮಾಡುವ ಪದ್ಧತಿಯೂ ಬೌದ್ಧ ಮಠಗಳ ಅಡುಗೆಯಲ್ಲಿದೆ. ಹಾಗಾಗಿ ಕೂತ ಕೂಡಲೇ ಕೇಳಿ: ‘ದಾಶಿ ಯಾವುದರದ್ದು? ಮೀನಿಲ್ಲದ್ದು ಸಿಗುತ್ತಾ?’ ಇದು ತಿಳಿದುಕೊಳ್ಳಲು ಕೇಳುವ ಪ್ರಶ್ನೆ. ಆ ಹುಡುಗಿ ಒಳಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾಳೆ.