ಹನ್ನೊಂದು, ಕೆಲವು ಸಲ ಎಂಟು

ನನ್ನ ಕಾರಿನ ಮೈಲೇಜ್ ಮೊದಲೇ ಹೇಳಿಬಿಡುತ್ತೇನೆ. ಊರಿನ ಓಡಾಟಕ್ಕೆ ಲೀಟರಿಗೆ 11 ಕಿಲೋಮೀಟರ್. ಮೈಸೂರಿಗೆ ಹೋಗಿ ಬಂದರೆ 16. ಸಂಪಾಜೆ ಘಾಟಿ ಹತ್ತುವಾಗ 8. ಇಷ್ಟಕ್ಕೇ ಬಂದವರು ಇಲ್ಲೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ವಿಷಯ ಇಷ್ಟು. ನನ್ನ ಹತ್ತಿರ ಇರುವುದು ಮಾರುತಿಯ ಗ್ರ್ಯಾಂಡ್ ವಿಟಾರಾ ಕಾರು. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಆಲ್‌ಗ್ರಿಪ್ ಮಾಡೆಲ್. ಮನೆ ಕೊಡಗಿನ ಚೇರಂಬಾಣೆಯಿಂದ ಒಳಗೆ, ತೋಟದ ಮಧ್ಯೆ. ಕಾರಿನ ಹಿಂದೆ ಆಲ್‌ಗ್ರಿಪ್ ಅಂತ ಬರೆದಿರುವುದು ಕಂಡರೆ ಸಾಕು. ಪೆಟ್ರೋಲ್ ಬಂಕಿನಲ್ಲಿ, ಮದುವೆ ಮಂಟಪದ ಗೇಟಿನಲ್ಲಿ, ಸಂತೆಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಅದೇ ಪ್ರಶ್ನೆ. "ಫೋರ್ ವೀಲ್ ಅಲ್ವಾ ನಿಮ್ದು? ಮೈಲೇಜ್ ಎಷ್ಟು ಬರುತ್ತೆ?"

ಕೇಳುವುದು ತಪ್ಪಲ್ಲ. ಸಿಟ್ಟು ಬರುವುದು ಆಮೇಲೆ. ಕೇಳುವವರ ತಲೆಯಲ್ಲಿ ಉತ್ತರ ಮೊದಲೇ ಇರುತ್ತದೆ. "ಒಂದು ಹದಿನೆಂಟಕ್ಕೆ ಮೋಸ ಇಲ್ಲ ಅಲ್ವಾ?" ಅಂತ ಶುರು ಮಾಡುತ್ತಾರೆ. ನಾನು ಹನ್ನೊಂದು ಅಂದ ತಕ್ಷಣ ಸಾವಿನ ಮನೆಗೆ ಬಂದವರ ಹಾಗೆ ಮುಖ ಸಣ್ಣದು ಮಾಡುತ್ತಾರೆ. ಆಮೇಲೆ ಸಮಾಧಾನ ಬೇರೆ. "ಫೋರ್ ವೀಲ್ ಅಂದ್ಮೇಲೆ ಅಷ್ಟೇ ಬಿಡಿ, ಕುಡಿಯುತ್ತೆ."

ಅಲ್ಲ ಸ್ವಾಮಿ. ಕುಡಿಯುವುದು ಘಾಟಿ.

ಕಾಗದದ ಲೆಕ್ಕವನ್ನೇ ನೋಡಿ. 2022ರಲ್ಲಿ ಈ ಕಾರು ಬಂದಾಗ ಮ್ಯಾನ್ಯುಯಲ್ ಗೇರಿನ ಟೂ ವೀಲ್ ಡ್ರೈವ್‌ಗೆ ಕಂಪನಿ ಹೇಳಿದ್ದು ಲೀಟರಿಗೆ 21.11, ಆಲ್‌ಗ್ರಿಪ್‌ಗೆ 19.38. ಎರಡು ಕಿಲೋಮೀಟರ್ ಕೂಡ ವ್ಯತ್ಯಾಸ ಇಲ್ಲ. ಸಾವಿರ ಕಿಲೋಮೀಟರ್ ಓಡಿಸಿದರೆ ನಾಲ್ಕು ಲೀಟರ್ ಚಿಲ್ಲರೆ ಜಾಸ್ತಿ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿಯಿರಿ, ನಾನೂರು ಚಿಲ್ಲರೆ. ನಮ್ಮ ರಸ್ತೆಯಲ್ಲಿ ಅದು ದುಪ್ಪಟ್ಟೇ ಆಗಲಿ. ಮಳೆಗಾಲದಲ್ಲಿ ಚರಂಡಿಗಿಳಿದ ಕಾರನ್ನು ಎಳೆಯಲು ಟ್ರಾಕ್ಟರ್ ಕರೆಸಿ, ಅವನ ಕೈಗೆ ಎಂಟು ನೂರು ಇಟ್ಟು ನೋಡಿ, ಏನನ್ನುತ್ತಾನೆ ಅಂತ.

ಆ ನಾಲ್ಕು ಲೀಟರ್ ಹೋಗುವುದು ಎಲ್ಲಿಗೆ? ಮುಂದಿನಿಂದ ಹಿಂದಕ್ಕೆ ಒಂದು ಉದ್ದದ ಶಾಫ್ಟ್ ಇದೆ, ಹಿಂದೆ ಎರಡು ಚಕ್ರಕ್ಕೂ ಬಲ ಹಂಚುವ ಇನ್ನೊಂದು ಡಿಫರೆನ್ಷಿಯಲ್ ಇದೆ. ಅವುಗಳ ಭಾರ ಹೊರಬೇಕು, ಅವನ್ನು ತಿರುಗಿಸಬೇಕು. ಡಾಂಬರು ರಸ್ತೆಯಲ್ಲಿ ಬಹುಪಾಲು ಎಳೆಯುವುದು ಮುಂದಿನ ಚಕ್ರಗಳೇ. ಅವು ಜಾರಿದರೆ ಹಿಂದಿನವಕ್ಕೆ ಬಲ ಹೋಗುತ್ತದೆ. ಆದರೆ ಬಲ ಹೋಗದಿದ್ದರೂ ಶಾಫ್ಟ್ ಸುಮ್ನೆ ಕೂರುವುದಿಲ್ಲ, ತಿರುಗುತ್ತಲೇ ಇರುತ್ತದೆ. "ಫೋರ್ ವೀಲ್ ಆಫ್ ಮಾಡಿ ಓಡಿಸಿದ್ರೆ ಜಾಸ್ತಿ ಬರಲ್ವಾ?" ಅನ್ನುವವರಿಗೂ ಇದೇ ಉತ್ತರ. ಆಫ್ ಅನ್ನುವ ಬಟನ್ನೇ ಇಲ್ಲ. ಗುಂಡಿ ತಿರುಗಿಸಿದರೆ ಆಟೋ, ಸ್ಪೋರ್ಟ್, ಸ್ನೋ, ಲಾಕ್. ಕೊಡಗಿನಲ್ಲಿ ಸ್ನೋ ಯಾಕೆ ಅಂತ ದಯವಿಟ್ಟು ಕೇಳಬೇಡಿ.

ಹಾಗಾದರೆ 19 ಎಲ್ಲಿ, 11 ಎಲ್ಲಿ? ಆ 19 ಸುಳ್ಳಲ್ಲ. ಆ ಅಂಕಿ ಕೊಡುವ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರ್ ಮೇಲೆ. ಹತ್ತು ಕಿಲೋಮೀಟರ್ ಚಿಲ್ಲರೆ ಓಟ, ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ವೇಗ ಗಂಟೆಗೆ 90 ದಾಟುವುದಿಲ್ಲ. ಎಸಿ ಹಾಕುವುದಿಲ್ಲ. ಏರು ಇಲ್ಲ, ತಿರುವಿನಲ್ಲಿ ಎದುರಿಗೆ ಮೈಮೇಲೆ ಬರುವ ಕೆಎಸ್ಆರ್‌ಟಿಸಿ ಬಸ್ಸೂ ಇಲ್ಲ. ಎಲ್ಲ ಕಾರಿಗೂ ಅದೇ ಪರೀಕ್ಷೆ, ಹಾಗಾಗಿ ಒಂದು ಕಾರನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಒಳ್ಳೆಯದು. ಚೇರಂಬಾಣೆಯಿಂದ ಮಡಿಕೇರಿಗೆ ಎಷ್ಟು ಪೆಟ್ರೋಲ್ ಬೇಕು ಅಂತ ಹೇಳಲು ಅದನ್ನು ಮಾಡಿದ್ದೇ ಅಲ್ಲ.

ಈಗ ಭಾವನ ಕತೆಗೆ ಬರುತ್ತೇನೆ.

ನನ್ನ ಹೆಂಡತಿಯ ಅಣ್ಣ ಬೆಂಗಳೂರಿನಲ್ಲಿರುವುದು. ಮೈಲೇಜ್ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇಲ್ಲ. ಪುತ್ತೂರಿನ ಒಂದು ಮದುವೆಗೆ ಎಲ್ಲರೂ ನನ್ನ ಕಾರಿನಲ್ಲೇ ಹೊರಟೆವು. ಮಡಿಕೇರಿ ದಾಟಿ ಘಾಟಿ ಇಳಿಯಲು ಶುರುವಾಗಿದ್ದೇ ತಡ, ಪಕ್ಕದ ಸೀಟಿನಿಂದ ಉಪದೇಶ.

"ಇಳಿಜಾರಲ್ವಾ ಭಾವ, ನ್ಯೂಟ್ರಲ್‌ಗೆ ಹಾಕಿ. ಪೆಟ್ರೋಲ್ ಉಳಿಯುತ್ತೆ."

ಈ ಮಾತನ್ನು ನಂಬಿದವರು ಊರು ತುಂಬ ಇದ್ದಾರೆ, ಹಾಗಾಗಿ ಬರೆದೇ ಇಡುತ್ತೇನೆ. ಉಳಿಯುವುದಿಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತನ್ನ ಪಾಡಿಗೆ ತಾನು ನಡೆಯಬೇಕು, ಅದಕ್ಕೆ ಪೆಟ್ರೋಲ್ ಬೇಕು. ಸಾಲದ್ದಕ್ಕೆ ಕಾರನ್ನು ತಡೆದು ಹಿಡಿಯುವ ಕೆಲಸ ಪೂರ್ತಿ ಬ್ರೇಕಿನ ಮೇಲೆ ಬಿತ್ತು. ಜೋಡುಪಾಲದ ಹತ್ತಿರ ರಸ್ತೆ ಬದಿ ನಿಂತ ಕಾರುಗಳಿಂದ ಬರುವ ಸುಟ್ಟ ವಾಸನೆ ಅದೇ. ಪೆಟ್ರೋಲೂ ಹೋಯಿತು, ಬ್ರೇಕೂ ಹೋಯಿತು.

ಇದನ್ನೆಲ್ಲ ಭಾವನಿಗೆ ಹೇಳಿದೆ. "ಅದೆಲ್ಲ ಥಿಯರಿ" ಅಂದರು.

ಸಂಜೆ ವಾಪಸ್ ಬರುವಾಗ ಸಂಪಾಜೆಯಲ್ಲಿ ಕೀ ಇಸ್ಕೊಂಡರು. ಕಾರು ಓಡಿಸುವುದು ಹೇಗೆ ಅಂತ ತೋರಿಸುತ್ತಾರಂತೆ. ಮೈಲೇಜ್ ತೋರಿಸುವ ಮೀಟರ್ ಸೊನ್ನೆ ಮಾಡಿದರು. ಎಸಿ ಆಫ್ ಮಾಡಿದರು. ಮದುವೆ ಊಟ ಮಾಡಿ ನಿದ್ದೆಗೆ ಜಾರಿದ್ದ ಅತ್ತೆ ಹಿಂದಿನ ಸೀಟಿನಲ್ಲಿ ಬೆವರಿ ಎದ್ದು ಕೂತರು. ಕೊಯನಾಡು ದಾಟುವವರೆಗೆ ಭಾವ ನಾಲ್ಕನೇ ಗೇರ್ ಬಿಡಲಿಲ್ಲ. ಎಂಜಿನ್ ಗುಡುಗುಡು ನಡುಗಿತು, ಸ್ಟಿಯರಿಂಗ್ ನಡುಗಿತು, ಡ್ಯಾಶ್‌ಬೋರ್ಡಿನ ಮೇಲಿದ್ದ ತಾಂಬೂಲದ ತೆಂಗಿನಕಾಯಿ ಉರುಳಿ ನನ್ನ ಕಾಲ ಮೇಲೆ ಬಿತ್ತು. ಹಿಂದೆ ಲಾರಿಯವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಕೊನೆಗೆ ಎರಡಕ್ಕೆ ಇಳಿಸಿದರು. ಮದೆನಾಡು ಬರುವಾಗ ಎಸಿಯೂ ಬಂತು. ಮಡಿಕೇರಿ ತಲುಪಿದಾಗ ಮೀಟರಿನಲ್ಲಿ ಎಂಟಕ್ಕೂ ಒಂದು ಚೂರು ಕಡಿಮೆ.

"ಕಾರಲ್ಲೇ ಏನೋ ಇದೆ" ಅಂದರು ಭಾವ.

ರಾತ್ರಿ ಮಗಳು ಮದುವೆಯ ಕರೆಯೋಲೆ ತಿರುಗಿಸಿ ಅದರ ಹಿಂದೆ ಲೆಕ್ಕ ಹಾಕಿದಳು. ಪಿಯುಸಿ ಸೈನ್ಸು, ಇಂಥದ್ದೆಲ್ಲ ಬಾಯಿಪಾಠ. ಕಾರು ಮತ್ತು ನಾವೆಲ್ಲ ಸೇರಿ ಸುಮಾರು 1500 ಕೆಜಿ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 1000 ಮೀಟರ್ ಎತ್ತರ. ಅಷ್ಟು ಭಾರವನ್ನು ಅಷ್ಟು ಎತ್ತಲು ಬೇಕಾದ ಶಕ್ತಿ 15 ಮೆಗಾಜೂಲ್‌ಗೆ ಹತ್ತಿರ. ಒಂದು ಲೀಟರ್ ಪೆಟ್ರೋಲಿನಲ್ಲಿ 30 ಮೆಗಾಜೂಲ್ ಇದೆ, ಆದರೆ ಚಕ್ರಕ್ಕೆ ತಲುಪುವುದು ಅದರ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಲ್ಲಿಗೆ ಬರೀ ಎತ್ತುವುದಕ್ಕೇ ಒಂದೂವರೆ ಲೀಟರ್. ದಾರಿ 27 ಕಿಲೋಮೀಟರ್ ಹತ್ತಿರ. ಅದು ಸಪಾಟಾಗಿದ್ದರೂ ಸುಮಾರು ಒಂದೂಮುಕ್ಕಾಲು ಲೀಟರ್ ಬೇಕಿತ್ತು. ಎರಡೂ ಕೂಡಿಸಿ ಭಾಗಿಸಿದರೆ ಎಂಟು ಚಿಲ್ಲರೆ. ಈ ಲೆಕ್ಕದಲ್ಲಿ ಚಕ್ರ ಎರಡೋ ನಾಲ್ಕೋ ಅನ್ನುವ ಮಾತೇ ಬರಲಿಲ್ಲ ನೋಡಿ.

ಭಾವ ಕಾಗದ ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದ್ರೆ ಮಡಿಕೇರಿಯನ್ನೇ ಕೆಳಗೆ ಕಟ್ಟಬೇಕಿತ್ತು" ಅಂದರು. ಅದನ್ನು ನಾನು ಒಪ್ಪುತ್ತೇನೆ.

ಊರಿನ ಓಡಾಟದ ಹನ್ನೊಂದಕ್ಕೆ ಕಾರಣ ಬೇರೆ. ಮಗಳನ್ನು ಬಸ್ಸಿಗೆ ಬಿಡುವುದು, ಸೊಸೈಟಿ, ಅಂಗಡಿ, ವಾಪಸ್. ನಮ್ಮ ಚಳಿಗೆ ಎಂಜಿನ್ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ. ತಣ್ಣಗಿನ ಎಂಜಿನ್ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು ಇ20. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್, ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಅಂದರೆ ಲೀಟರಿನ ಮೇಲೆ ಶೇಕಡಾ 6-7 ಶಕ್ತಿ ಮೊದಲೇ ಖೋತಾ. ಡೀಸೆಲ್ ಯಾಕೆ ತಗೊಳ್ಳಲಿಲ್ಲ ಅನ್ನುವವರಿಗೂ ಈ ಚಿಕ್ಕ ಓಡಾಟವೇ ಉತ್ತರ. ಈಗಿನ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಕಾರು ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ನಾನು ಒಂದೇ ಸಮ ಓಡಿಸುವ ರಸ್ತೆ ಕುಶಾಲನಗರ ದಾಟಿದ ಮೇಲೆ ಶುರುವಾಗುತ್ತದೆ.

ತಮ್ಮ ಕಾರಿನದು ಇಪ್ಪತ್ತೆರಡು ಅನ್ನುವವರು ಲೆಕ್ಕ ಹಿಡಿದದ್ದು ಹೇಗೆ ಅಂತಲೂ ಹೇಳಬೇಕು. ಮೀಟರಿನಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ಕೈ ಜಾಸ್ತಿಯೇ. ಟ್ಯಾಂಕ್ ಫುಲ್ ಮಾಡಿ, ಪಂಪ್ ತಾನಾಗಿ ಕಟ್ ಆದ ಕಡೆ ನಿಲ್ಲಿಸಿ, ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಫುಲ್ ಮಾಡಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಆಮೇಲೆ ಮಾತಾಡೋಣ.

ಇಷ್ಟೆಲ್ಲ ಕೇಳುವ ಜನ ನಮ್ಮ ಮನೆ ದಾರಿಯ ಬಗ್ಗೆ ಒಂದು ಮಾತು ಕೇಳಿದವರಲ್ಲ. ಗೇಟಿನಿಂದ ಅಂಗಳದವರೆಗೆ ಕಡಿದಾದ ಏರು. ಚಕ್ರದ ಅಗಲಕ್ಕೆ ಎರಡು ಸಾಲು ಕಾಂಕ್ರೀಟ್, ನಡುವೆ ಹುಲ್ಲು. ಜೂನ್ ಕಳೆಯುವಷ್ಟರಲ್ಲಿ ಕಾಂಕ್ರೀಟಿಗೆ ಪಾಚಿ ಹತ್ತುತ್ತದೆ. ಅದರ ಮೇಲೆ ಸಿಲ್ವರ್ ಓಕಿನ ಎಲೆ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ಬೀಳುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಮುಂದಿನ ಚಕ್ರದಿಂದ ಎಳೆಯುವ ಕಾರು ಅಲ್ಲಿ ಸುಯ್ಯನೆ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತದೆ. ಪಕ್ಕದ ತೋಟದವರು ಮಳೆಗಾಲ ಪೂರ್ತಿ ತಮ್ಮ ಕಾರನ್ನು ರಿವರ್ಸ್‌ನಲ್ಲೇ ಮನೆಗೆ ಹತ್ತಿಸುತ್ತಾರೆ. ಅದು ಹುಚ್ಚಲ್ಲ. ಎಳೆಯುವ ಚಕ್ರ ಭಾರ ಬೀಳುವ ಕಡೆ ಇರಲಿ ಅಂತ. ಅವರ ಕತ್ತು ನೋವು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕಡಿಮೆಯಾಗುತ್ತದೆ. ಮೈಲೇಜ್ ಚೆನ್ನಾಗಿದೆಯಂತೆ.

ಹತ್ತುವುದೇನೋ ಆಯಿತು. ಬೆಳಿಗ್ಗೆ ಅದೇ ಪಾಚಿ ಮೇಲೆ ಇಳಿಯಬೇಕಲ್ಲ? ಅಲ್ಲಿ ಆಲ್‌ಗ್ರಿಪ್ ಮಾಡುವುದು ಹೆಚ್ಚೇನಿಲ್ಲ. ಬ್ರೇಕ್ ಹಾಕುವಾಗ ಎಲ್ಲ ಕಾರುಗಳದ್ದೂ ನಾಲ್ಕೇ ಚಕ್ರ. ನಿಲ್ಲಿಸುವುದು ಟೈರ್. ಯಾರಾದರೂ ಒಬ್ಬರು, ಜೀವನದಲ್ಲಿ ಒಮ್ಮೆ, "ಟೈರ್ ಹೇಗಿದೆ?" ಅಂತ ಕೇಳಿದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತಿದ್ದೆ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2322 ಅಂತ ಇದ್ದರೆ 2022ನೇ ಇಸವಿಯ 23ನೇ ವಾರ ತಯಾರಾಗಿದ್ದು. ಅಂಗಡಿಯವನು ಹೊಸದು ಅಂತ ಕೊಡುವಾಗ ಅದನ್ನು ಬಗ್ಗಿ ನೋಡಿ. ಟೈರಿನ ಗೀರುಗಳ ನಡುವಿನ 1.6 ಮಿಲಿಮೀಟರ್ ಗುರುತಿಗೆ ಸವೆದು ಬರುವವರೆಗೆ ಓಡಿಸಬಹುದು ಅನ್ನುತ್ತದೆ ಕಾನೂನು. ನಮ್ಮ ಜುಲೈ ಮಳೆಗೆ ಅಷ್ಟರವರೆಗೆ ಕಾಯುವುದು ಬೇಡ. ಇನ್ನೊಂದು ಮಾತು, ಇಂಥ ಕಾರಿಗೆ ಎರಡು ಹಳೇ ಟೈರ್, ಎರಡು ಹೊಸ ಟೈರ್ ಹಾಕಬೇಡಿ. ಸುತ್ತಳತೆ ಬೇರೆ ಬೇರೆಯಾದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಒಂದು ವೇಗ, ನಡುವೆ ಎರಡನ್ನೂ ಜೋಡಿಸುವ ಕಪ್ಲಿಂಗ್‌ಗೆ ಸುಮ್ನೆ ಹಿಂಸೆ. ಗಾಳಿ ಕಡಿಮೆ ಇದ್ದರೆ ಮೈಲೇಜೂ ಬೀಳುತ್ತದೆ. ನೋಡಿ, ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರ ಇತ್ತು.

ತಗೊಳ್ಳುವುದೋ ಬೇಡವೋ ಅಂತ ಕೇಳುವವರಿಗೆ: ಮನೆ ಬಾಗಿಲವರೆಗೆ ಡಾಂಬರು ಇದ್ದರೆ ಟೂ ವೀಲ್ ಡ್ರೈವ್ ಸಾಕು, ಉಳಿದ ದುಡ್ಡಿನಲ್ಲಿ ಒಳ್ಳೆ ಟೈರ್ ಹಾಕಿಸಿ. ಇಪ್ಪತ್ತು ದಾಟಲೇಬೇಕು ಅನ್ನುವವರಿಗೆ ಇದೇ ಕಾರಿನ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ಮಾಡೆಲ್) ಇದೆ, ಕಾಗದದಲ್ಲಿ 27.97. ಘಾಟಿ ಇಳಿಯುವಾಗ ಬ್ರೇಕಿನಲ್ಲಿ ಹಾಳಾಗುವ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಜಾಣ ಕಾರು. ಆದರೆ ಅದು ಎಳೆಯುವುದು ಮುಂದಿನ ಎರಡು ಚಕ್ರದಿಂದ ಮಾತ್ರ. ಆಷಾಢದಲ್ಲಿ ನಮ್ಮ ಮನೆಗೆ ಅದರಲ್ಲಿ ಬರುವುದಾದರೆ ಗೇಟಿನ ಹತ್ತಿರವೇ ತಿರುಗಿಸಿಕೊಂಡು ರಿವರ್ಸ್‌ನಲ್ಲಿ ಬನ್ನಿ.