ಅಮ್ಮನಿಗೊಂದು ಕುರ್ಚಿ

ಕಳೆದ ವಾರ ಮನೆಯವರೆಲ್ಲ ತಮ್ಮ ತಮ್ಮ ಕೆಲಸಗಳಿಗೆ ಹೊರಟ ಮೇಲೆ, ರಜೆಯಲ್ಲಿದ್ದ ನಾನೊಬ್ಬಳೇ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ಕುಂಗೆನ್ಸ್ ಕುರ್ವಾದಲ್ಲಿ ಐಕಿಯಾ ಎಂಬ ಪೀಠೋಪಕರಣಗಳ ಮಳಿಗೆಗೆ ಹೋಗಿದ್ದೆ. ಕೊಳ್ಳಬೇಕಾಗಿದ್ದದ್ದು ದಿಂಬಿನ ಗವಸು ಮತ್ತು ಓದುವ ಮೇಜಿಗೊಂದು ದೀಪ, ಅಷ್ಟೇ. ಉಳಿದ ಹೊತ್ತನ್ನೆಲ್ಲ ಸುಮ್ಮನೆ ನೋಡುತ್ತ ಕಳೆಯಬೇಕೆಂದುಕೊಂಡೇ ಮೆಟ್ರೋ ಹತ್ತಿ ಶೆರ್‌ಹೋಲ್ಮೆನ್‌ನಲ್ಲಿ ಇಳಿದು ನಡೆದೆ. ಮಂಡ್ಯದ ನಮ್ಮೂರಿನಲ್ಲಿ ಹೆಂಗಸೊಬ್ಬಳು ಹೀಗೆ ಯಾರನ್ನೂ ಜೊತೆಗೆ ಕರೆಯದೆ ಒಂದಿಡೀ ದಿನ ಅಂಗಡಿಯಲ್ಲಿ ಅಲೆದು ಬಂದಳೆಂದರೆ, 'ಯಾಕವ್ವ, ಮನೇಲಿ ಏನಾದ್ರೂ ಬೇಜಾರಾ?' ಎಂದು ಕೇಳುವವರೇ ಹೆಚ್ಚು. ನನಗೆ ಯಾವ ಬೇಜಾರೂ ಇರಲಿಲ್ಲ. ಯಾರ ಹಸಿವು ನಿದ್ದೆಗಳ ಲೆಕ್ಕವನ್ನೂ ಇಡದೆ ನನ್ನ ಹೆಜ್ಜೆಗೆ ನಾನು ನಡೆಯುವ ಸುಖ ಮಾತ್ರ ಇತ್ತು.

ಈ ಮಳಿಗೆ ತೆರೆದದ್ದು 1965ರಲ್ಲಿ. ಮುಂಭಾಗದ ಕಟ್ಟಡ ದುಂಡಗಿದೆ, ಬಹುಕಾಲ ಇದೇ ಜಗತ್ತಿನ ಅತಿ ದೊಡ್ಡ ಐಕಿಯಾ ಎನಿಸಿಕೊಂಡಿತ್ತು. ಸ್ಮೋಲಂಡ್ ಎಂಬ ಕಲ್ಲುನೆಲದ ಸೀಮೆಯ ರೈತಮನೆತನದ ಇಂಗ್ವಾರ್ ಕಾಂಪ್ರಾಡ್ ತನ್ನ ಹದಿನೇಳನೆಯ ವಯಸ್ಸಿನಲ್ಲಿ, 1943ರಲ್ಲಿ, ಈ ವ್ಯಾಪಾರವನ್ನು ಆರಂಭಿಸಿದ. ಮೊದಲ ದೊಡ್ಡ ಮಳಿಗೆ ಎಲ್ಮ್‌ಹುಲ್ಟ್ ಎಂಬ ಸಣ್ಣ ಊರಿನಲ್ಲಿ 1958ರಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಎರಡು ವರ್ಷ ಮೊದಲು ಅಲ್ಲಿನ ಕೆಲಸಗಾರನೊಬ್ಬ ಕಾರಿನೊಳಗೆ ಹಿಡಿಸದ ಮೇಜೊಂದರ ಕಾಲುಗಳನ್ನು ಕಳಚಿ ಅದರ ಹಲಗೆಯಡಿಗೆ ಸೇರಿಸಿದನಂತೆ. ಬಿಡಿಬಿಡಿಯಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಕೊಟ್ಟು, ಕೊಂಡವರೇ ಮನೆಯಲ್ಲಿ ಜೋಡಿಸಿಕೊಳ್ಳುವ ಪದ್ಧತಿ ಬೆಳೆದದ್ದು ಅಲ್ಲಿಂದ. ಬಡಗಿಯ ಕೂಲಿಯೂ ಸಾಗಣೆಯ ಖರ್ಚೂ ಉಳಿದು ಸಾಮಾನ್ಯ ಸಂಬಳದವರ ಮನೆಗೂ ಒಳ್ಳೆಯ ಮೇಜು ಕುರ್ಚಿ ಬಂದದ್ದು ಸಣ್ಣ ಸಂಗತಿಯಲ್ಲವೆಂದು ನಾನು ನಂಬುತ್ತೇನೆ.

ಒಳಗೆ ನೆಲದ ಮೇಲಿನ ಬಾಣದ ಗುರುತುಗಳನ್ನು ಹಿಡಿದು ನಡೆದರೆ ಒಂದರ ಹಿಂದೊಂದು ಮನೆಗಳೇ ಸಿಗುತ್ತವೆ. ಮೂರು ಗೋಡೆಗಳ ಕೋಣೆ, ಕಪಾಟಿನಲ್ಲಿ ಪುಸ್ತಕ, ಹಾಸಿಗೆಯ ಪಕ್ಕ ದೀಪ, ಬಾಗಿಲ ಬಳಿ ಮಕ್ಕಳ ಬೂಟುಗಳಿಗೆ ಗೂಡು. ಯಾರು ಬೇಕಾದರೂ ಕೂರಬಹುದು, ಮಲಗಬಹುದು, ಸೆಳೆಖಾನೆಗಳನ್ನು ಎಳೆದು ನೋಡಬಹುದು. ಅಂಥ ಒಂದು ಕೋಣೆಯ ಸೋಫಾದಲ್ಲಿ ನಾನು ಕುಳಿತಿದ್ದಾಗ ಐದಾರು ವರ್ಷದ ಹುಡುಗಿಯೊಬ್ಬಳು ತನ್ನ ಅಪ್ಪನ ಕೈ ಹಿಡಿದು ಒಳಗೆ ಬಂದಳು. ಅಪ್ಪನ ಎದೆಯ ಜೋಳಿಗೆಯಲ್ಲಿ ಇನ್ನೊಂದು ಹಸುಗೂಸು ಮಲಗಿತ್ತು. ವಾರದ ನಡುವಿನ ದಿನ ಅಪ್ಪ ಒಬ್ಬನೇ ಎರಡು ಮಕ್ಕಳೊಂದಿಗೆ ತಿರುಗುವುದು ಇಲ್ಲಿ ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಬಾಣಂತಿಯ ರಜೆಯನ್ನು ತಂದೆ ತಾಯಿ ಇಬ್ಬರ ರಜೆಯನ್ನಾಗಿ ಈ ದೇಶ ಬದಲಿಸಿದ್ದು 1974ರಲ್ಲಿ. ಈಗ ಒಂದು ಮಗುವಿಗೆ ಸಿಗುವ 480 ದಿನಗಳಲ್ಲಿ 90 ದಿನಗಳು ತಂದೆಗೆಂದೇ ಮೀಸಲು, ತಾಯಿಗೆ ಬಿಟ್ಟುಕೊಡುವಂತಿಲ್ಲ.

ಆ ಹುಡುಗಿ ಕೋಣೆಯನ್ನು ಹಂಚತೊಡಗಿದಳು. ಮೂಲೆಯ ಸಣ್ಣ ಸ್ಟೂಲು ತಮ್ಮನಿಗೆ, ಸೋಫಾ ತನಗೆ (ನನ್ನ ಕಡೆ ನೋಡಿ, ನೀವೂ ಕೂರಬಹುದು ಎಂದು ಸೇರಿಸಿದಳು), ಊಟದ ಮೇಜಿನ ಕುರ್ಚಿ ಅಪ್ಪನಿಗೆ. ಕಿಟಕಿಯ ಪಕ್ಕದಲ್ಲಿ ಪೊಎಂಗ್ ಎಂಬ ಬಾಗುಮರದ ಆರಾಮ ಕುರ್ಚಿಯಿತ್ತು. ಜಪಾನಿನ ನೊಬೊರು ನಕಮುರ 1976ರಲ್ಲಿ ರೂಪಿಸಿದ ಆ ಕುರ್ಚಿ, ಕುಳಿತವರ ಭಾರಕ್ಕೆ ಮೆಲ್ಲಗೆ ತೂಗುತ್ತದೆ. ಅಪ್ಪ ಅದರಲ್ಲಿ ಕೂರಲು ಹೋದಾಗ ಹುಡುಗಿ ತಡೆದಳು. 'ಅದು ಅಮ್ಮನದು. ಒಳ್ಳೆಯದು ಅಮ್ಮನದೇ ಅಲ್ಲವಾ?' ಎಂದು ಅವಳು ಕೇಳಿದ್ದು ವಾದಕ್ಕಲ್ಲ, ಎಲ್ಲರಿಗೂ ತಿಳಿದ ಸಂಗತಿಯೊಂದನ್ನು ಅಪ್ಪ ಮರೆತಿರುವನೆಂಬ ಅಚ್ಚರಿಯಿಂದ. ಅಪ್ಪ ಹೌದೆಂದು ಎದ್ದ. ಅವರು ಮುಂದಿನ ಕೋಣೆಗೆ ಹೋದರು. ನಾನು ಮಾತ್ರ ಅಲ್ಲೇ ಬಹಳ ಹೊತ್ತು ಕುಳಿತೆ.

ನಮ್ಮ ಮನೆಯಲ್ಲಿ ಯಾವುದು ಅಮ್ಮನದಾಗಿತ್ತು? ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಬ್ಬು ಭತ್ತದ ಊರು ನಮ್ಮದು, ಹಳೆಯ ತೊಟ್ಟಿಮನೆ. ಪಡಸಾಲೆಯಲ್ಲಿ ತಾತನ ಮಂಚವಿತ್ತು. ತಾತ ಹೋದ ಮೇಲೂ ಅದು ತಾತನ ಮಂಚವೇ. ಹಿತ್ತಿಲಿನ ಹಲಸಿನ ಮರ ಗಾಳಿಗೆ ಉರುಳಿದ ವರ್ಷ ಆಚಾರರು ಬಂದು ಜಗಲಿಯಲ್ಲೇ ಕೆಲಸ ಹೂಡಿ ಅಪ್ಪನಿಗೊಂದು ಈಸಿ ಚೇರು ಮಾಡಿಕೊಟ್ಟರು. ಅಪ್ಪನನ್ನು ಹಲಗೆಯ ಮೇಲೆ ಕೂರಿಸಿ, ಮೊಣಕಾಲಿನ ಎತ್ತರ, ಬೆನ್ನಿನ ಉದ್ದ, ತೋಳು ಚಾಚುವ ಅಳತೆಗಳನ್ನು ದಾರದಲ್ಲಿ ಗಂಟು ಹಾಕಿ ಹಿಡಿದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಆ ಹಳದಿ ಮರ ವರ್ಷ ಕಳೆದಂತೆ ಕೆಂಪಾಯಿತು, ಒಂದು ಕೀಲೂ ಸಡಿಲವಾಗಲಿಲ್ಲ. ಅದೇ ಮರದಲ್ಲಿ ಅಣ್ಣನಿಗೂ ನನಗೂ ಓದುವ ಮೇಜು ಬಂತು, ದೇವರಿಗೆ ಮಂಟಪ ಬಂತು. ಅಮ್ಮನ ಪಾಲಿಗೆ ಬಂದದ್ದು ಈಳಿಗೆಮಣೆಯ ಹೊಸ ಹಲಗೆ.

ಅಮ್ಮ ಆ ಹಲಗೆಯ ಮೇಲೆಯೇ ಕೂರುತ್ತಿದ್ದಳು. ಹಿತ್ತಿಲ ಬಾಗಿಲಿನ ಮೆಟ್ಟಿಲು, ಒಲೆಯ ಮುಂದಿನ ಮಣೆ, ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ನೆಲ, ಇವಿಷ್ಟೇ ಅವಳು ಕೂರುವ ಜಾಗಗಳು. ನೆಂಟರು ಬಂದರೆ ಗಂಡಸರಿಗೆ ಪಕ್ಕದ ಮನೆಯಿಂದಲೂ ಕುರ್ಚಿ ತರಿಸುತ್ತಿದ್ದರು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತು ಮಾತಾಡುತ್ತಿದ್ದಳು. ಮದುವೆಯಲ್ಲಿ ತವರಿನವರು ಮೈಸೂರಿನಿಂದ ಮಂಚ, ಬೀರು, ನಿಲುಗನ್ನಡಿಗಳನ್ನು ಅವಳ ಹೆಸರಿನಲ್ಲೇ ಲಾರಿಯಲ್ಲಿ ಕಳಿಸಿದ್ದರು. ಬೀರುವಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು, ಮಂಚ ಬಂದವರಿಗೆಂದು ಮೀಸಲಾಯಿತು.

ಇದನ್ನು ನಾನು ಬಡತನದ ಕತೆಯೆಂದು ಹೇಳುತ್ತಿಲ್ಲ. ನಮ್ಮಲ್ಲಿ ಮರವೂ ಇತ್ತು, ಕೈಯೂ ಇತ್ತು. ಮೈಸೂರಿನ ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಲ್ಲಿ ದಂತವನ್ನು ಕೂರಿಸಿರುವ ಕುಸುರಿಯನ್ನು ಕಂಡವರು ನಮ್ಮ ಸೀಮೆಯ ಕುಶಲತೆಯನ್ನು ಅನುಮಾನಿಸಲಾರರು. ಐಕಿಯಾದ ಹುಡಿಮರದ ಹಲಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಮ್ಮ ಆಚಾರರ ಹಲಸಿನ ಕುರ್ಚಿಯ ಮುಂದೆ ನಿಲ್ಲಲಾರದೆಂದು ನಾನು ಇಲ್ಲಿನ ಗೆಳತಿಯರಿಗೆ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅಳತೆ ತೆಗೆಯುವ ದಿನ ಹಲಗೆಯ ಮೇಲೆ ಯಾರನ್ನು ಕೂರಿಸಿದೆವು ಎಂಬ ಪ್ರಶ್ನೆಗೆ ನನ್ನಲ್ಲಿ ಹೆಮ್ಮೆಯ ಉತ್ತರವಿಲ್ಲ. ದಾರ ಹಿಡಿದು ನಿಂತಿದ್ದ ಆಚಾರರಾಗಲಿ, ಕಾಫಿ ತಂದುಕೊಟ್ಟ ಅಮ್ಮನಾಗಲಿ ಅಂದು ಅದನ್ನು ಯೋಚಿಸಲಿಲ್ಲ, ಯೋಚಿಸಬೇಕೆಂದು ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಈ ದೇಶದಲ್ಲಿ ಎಲ್ಲವೂ ಸರಿಯಿದೆಯೆಂದೂ ಅಲ್ಲ. ಮಧ್ಯಾಹ್ನ ಮಳಿಗೆಯ ಉಪಾಹಾರ ಗೃಹದಲ್ಲಿ ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಹಿಡಿದು ಕುಳಿತಾಗ ಪಕ್ಕದ ಮೇಜುಗಳಲ್ಲಿ ವಯಸ್ಸಾದ ಹೆಂಗಸರು ಒಬ್ಬೊಬ್ಬರೇ ಊಟ ಮಾಡುತ್ತಿದ್ದರು. ಅವರಲ್ಲೊಬ್ಬರು ನನ್ನೊಡನೆ ಮಾತಿಗಿಳಿದು, ಮನೆಯಲ್ಲಿ ನಾಲ್ಕು ಕುರ್ಚಿಗಳಿವೆ, ಮೂರರ ಮೇಲೆ ಯಾರೂ ಕೂರುವುದಿಲ್ಲ ಎಂದರು. ಅಂಥ ಖಾಲಿತನ ನಮ್ಮಮ್ಮನಿಗೆ ಬಂದಿಲ್ಲ, ಬರುವುದೂ ಬೇಡ. ಮೊಮ್ಮಕ್ಕಳ ಗದ್ದಲದ ನಡುವೆ ಅವಳು ತುಂಬಿದ ಮನೆಯಲ್ಲಿದ್ದಾಳೆ. ತುಂಬಿದ ಮನೆಯಲ್ಲಿ ಅವಳಿಗೊಂದು ಕೂರುವ ಜಾಗವೂ ಇರಬೇಕೆಂದಷ್ಟೇ ನನ್ನ ಆಸೆ.

ಅಪ್ಪ ತೀರಿಕೊಂಡ ಮೇಲೆ ಆ ಈಸಿ ಚೇರು ಅಣ್ಣನದಾಗಿದೆ. ಅಮ್ಮ ದಿನವೂ ಅದರ ದೂಳು ಒರೆಸುತ್ತಾಳೆ, ಕೂರುವುದಿಲ್ಲ. ಮಂಡಿ ಸವೆದಿದೆ, ನೆಲದ ಮೇಲೆ ಕೂರಬಾರದೆಂದು ವೈದ್ಯರು ಹೇಳಿದ ಮೇಲೆ ಅಡುಗೆಮನೆಗೆ ಬೆನ್ನಿಲ್ಲದ ಪ್ಲಾಸ್ಟಿಕ್ ಸ್ಟೂಲೊಂದು ಬಂದಿದೆ. ಮಳಿಗೆಯಿಂದ ಬಂದ ಸಂಜೆಯೇ ಫೋನು ಮಾಡಿ, ನಿನಗೊಂದು ಕುರ್ಚಿ ಮಾಡಿಸುತ್ತೇನೆ ಎಂದೆ. 'ನಂಗ್ಯಾಕವ್ವ ಕುರ್ಚಿ? ಬಂದೋರ್ಗೆ ಕೂರಕ್ಕಿದ್ರೆ ಸಾಕು' ಎಂದಳು. ನಾನು ಬಿಡಲಿಲ್ಲ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಿಂದ ಐಕಿಯಾ ಇದೆ, ಮಂಡ್ಯದಿಂದ ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಬಾಗಿಲಲ್ಲೇ ಇಳಿಯಬಹುದು, ನಾವಿಬ್ಬರೇ ಹೋಗಿ ಎಲ್ಲ ಕುರ್ಚಿಗಳಲ್ಲೂ ಕುಳಿತು ನೋಡೋಣ, ಯಾವ ಎತ್ತರ ನಿನ್ನ ಮಂಡಿಗೆ ಹಿತವೋ ಅದನ್ನು ಬರೆದುಕೊಂಡು ಬಂದು ಆಚಾರರ ಮಗನಿಂದ ಮರದಲ್ಲಿ ಮಾಡಿಸೋಣ ಎಂದೆ. ದಸರಾಕ್ಕೆ ಬರುತ್ತೀಯಲ್ಲ, ಆಗ ನೋಡೋಣ ಎಂದಳು.

ಅಣ್ಣನೂ ಒಪ್ಪಿದ್ದಾನೆ. ಮರಕ್ಕೂ ಕೂಲಿಗೂ ತಾನೇ ಕೊಡುತ್ತೇನೆಂದಿದ್ದಾನೆ. ಆದರೆ ಕುರ್ಚಿಯನ್ನು ಅಮ್ಮ ಮಲಗುವ ಕೋಣೆಯಲ್ಲಿ ಇಡೋಣ, ಪಡಸಾಲೆಯಲ್ಲಿ ನಾಲ್ಕು ಜನ ಬಂದು ಹೋಗುವಾಗ ಅವಳಿಗೇ ಮುಜುಗರ ಎನ್ನುವುದು ಅವನ ಅಭಿಪ್ರಾಯ. ಪಡಸಾಲೆಯಲ್ಲೇ, ಈಸಿ ಚೇರಿನ ಎದುರಿಗೆ, ಬೀದಿ ಕಾಣುವ ಕಿಟಕಿಯ ಪಕ್ಕ ಇಡಬೇಕೆಂಬುದು ನನ್ನದು. ಈ ಮಾತು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ದಸರಾದೊಳಗೆ ಅವನನ್ನು ಒಪ್ಪಿಸದೆ ನಾನು ಬಿಡುವುದಿಲ್ಲ.